ಅಜವಾನದ ಎಣ್ಣೆಯ ಹತ್ತು ಪೆಟ್ಟಿಗೆ

ನಿಂಬೆಕಾಯಿ ರಾಶಿಯ ಹೊಟ್ಟೆಯೊಳಗೆ ಕೈ ಹಾಕಿ ನೋಡುವುದನ್ನು ನನಗೆ ಕಲಿಸಿದವನು ನಮ್ಮಪ್ಪ. ಬೆಳಿಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು, ಶೆಡ್ಡಿಗೆ ಹೋಗಿ ರಾಶಿಯ ನಡುವೆ ಮೊಣಕೈ ಮುಳುಗುವತನಕ ಕೈ ಇಳಿಸಬೇಕು. ಒಳಗೆ ತಣ್ಣಗಿದ್ದರೆ ಮಾಲು ಚೆನ್ನಾಗಿದೆ. ಬೆಚ್ಚಗಿದ್ದರೆ ಎಲ್ಲೋ ಕೊಳೆತ ಶುರುವಾಗಿದೆ, ಅಂದೇ ರಾಶಿ ಹರಡಿ ಆರಿಸಿ ತೆಗೆಯಬೇಕು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಉಳಿದದ್ದನ್ನು ಕೈ ಓದುತ್ತದೆ ಎಂದು ನಂಬಿಕೊಂಡೇ ಐವತ್ತೆರಡು ವರ್ಷ ಆಯಿತು.

ನಮ್ಮೂರು ಅಫಜಲಪುರದಿಂದ ಎಂಟು ಕಿಲೋಮೀಟರ್, ಭೀಮಾ ನದಿಯ ದಂಡೆಗೆ. ಎರಡೂವರೆ ಎಕರೆ ನಿಂಬೆ ಗಿಡ, ಅದರ ಮಗ್ಗುಲಿಗೆ ಪತ್ರಾಸಿನ, ಅಂದರೆ ತಗಡಿನ, ಒಂದು ಶೆಡ್. ಕಿತ್ತ ಕಾಯಿ ಶೆಡ್ಡಿನಲ್ಲಿ ಬೀಳುತ್ತದೆ, ಅಲ್ಲಿಂದ ಚೀಲಕ್ಕೆ, ಚೀಲದಿಂದ ಜೇವರ್ಗಿಗೆ. ಜೇವರ್ಗಿಯ ಹೆದ್ದಾರಿಯ ಮೇಲೆ ಮಲ್ಲಣ್ಣ ಸಾಹುಕಾರರ ಅಂಗಡಿ ಇದೆ. ಕಲಬುರಗಿಯಿಂದ ವಿಜಯಪುರಕ್ಕೆ ಹೋಗುವ ಲಾರಿಗಳು ಅಮಾವಾಸ್ಯೆಯ ದಿನ ಅಲ್ಲಿ ನಿಂತೇ ಮುಂದೆ ಹೋಗುತ್ತವೆ. ಮೆಣಸಿನಕಾಯಿಯ ಜೊತೆ ಪೋಣಿಸಿದ ನಿಂಬೆಕಾಯಿಯನ್ನು ಮುಂದೆ ಕಟ್ಟುತ್ತಾರೆ, ನಾಲ್ಕನ್ನು ಗಾಲಿಯ ಕೆಳಗಿಟ್ಟು ಹಾಯಿಸುತ್ತಾರೆ. ನಮ್ಮದು ಬುದ್ಧನನ್ನು ನಂಬುವ ಮನೆ, ದೃಷ್ಟಿ ಗಿಷ್ಟಿ ಎಂಬುದು ನಮಗಿಲ್ಲ. ನಮ್ಮಲ್ಲಿ ನಿಂಬೆಕಾಯಿ ಉಪ್ಪಿನಕಾಯಿಗೆ, ಪಾನಕಕ್ಕೆ, ಅಷ್ಟೆ. ಆದರೆ ಮಂದಿ ಕಟ್ಟುತ್ತಾರೆ, ನಾವು ಮಾರುತ್ತೇವೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ನನಗೆ ಕಂಡಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಗಿಡಕ್ಕೆ ಅಮಾವಾಸ್ಯೆ ಗೊತ್ತಿಲ್ಲ. ಕಾಯಿ ಬಲಿತಾಗ ಕೀಳಲೇಬೇಕು, ಇಲ್ಲದಿದ್ದರೆ ಹಣ್ಣಾಗಿ ಉದುರುತ್ತದೆ. ಕಿತ್ತದ್ದನ್ನು ಎಂಟು ಹತ್ತು ದಿನ ಇಟ್ಟುಕೊಂಡು ಅಮಾವಾಸ್ಯೆಗೆ ಮುಟ್ಟಿಸಬೇಕು. ಬೇಸಿಗೆಯಲ್ಲಿ ಇದು ಕಷ್ಟವಲ್ಲ. ಮಳೆಗಾಲದಲ್ಲಿ ಒಂದು ಕಾಯಿಗೆ ಬೆಳ್ಳನೆಯ ಬೂಷ್ಟು ಹಿಡಿದರೆ, ಎರಡನೆಯ ದಿನ ಅದು ಹಸಿರು ಪುಡಿಯಾಗಿ ಹಾರುತ್ತದೆ, ನಾಲ್ಕನೆಯ ದಿನ ಸುತ್ತಲಿನ ಇಪ್ಪತ್ತು ಕಾಯಿ ಮೆತ್ತಗಾಗಿರುತ್ತವೆ. ಈ ವರ್ಷ ನಾಗರ ಅಮಾವಾಸ್ಯೆಗೆ ನಾನು ಕಳಿಸಿದ ಚೀಲಗಳನ್ನು ಮಲ್ಲಣ್ಣ ರಸ್ತೆಯ ಮಗ್ಗುಲಿಗೆ ಸುರಿಸಿ ಫೋಟೊ ತೆಗೆಸಿ ನನ್ನ ಫೋನಿಗೆ ಹಾಕಿದರು. ಮೂರು ಚೀಲಕ್ಕೊಂದು ಚೀಲ ಹಸಿರು.

ಆ ಫೋಟೊವನ್ನು ನನಗಿಂತ ಮೊದಲು ನೋಡಿದವಳು ಸಂಘಮಿತ್ರಾ. ಅವಳು ನನ್ನ ಮಗಳು, ಎರಡು ವರ್ಷದ ಕೃಷಿ ಡಿಪ್ಲೊಮಾ ಮುಗಿಸಿ ಮನೆಗೆ ಬಂದಿದ್ದಳು. ಕಲಬುರಗಿಯ ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿ ಅವಳಿಗೆ ಕೆಲಸ ನಾನೇ ಗೊತ್ತು ಮಾಡಿದ್ದೆ. ಮುಂದಿನ ತಿಂಗಳ ಬೆನಕನ ಅಮಾವಾಸ್ಯೆಯ ಮರುದಿನ ಬಂದು ಸೇರಿಕೊಳ್ಳಲಿ ಎಂದಿದ್ದರು. ಕುರ್ಚಿ, ಫ್ಯಾನು, ತಿಂಗಳ ಪಗಾರ. ಅವಳಿಗೆ ಅದು ಬೇಡ. ಅವಳಿಗೆ ಬೇಕಾಗಿದ್ದದ್ದು ನಮ್ಮ ಪತ್ರಾಸಿನ ಶೆಡ್.

ಒಂದು ಮುಂಜಾನೆ ನಾನು ರೊಟ್ಟಿ ತಿನ್ನುತ್ತ ಕೂತಾಗ ಎದುರಿಗೆ ಬಂದು ನಿಂತಳು.

"ಅಪ್ಪಾ, ಬೆನಕನ ಅಮಾಸಿ ಮಾಲಿನಾಗ ಹತ್ತು ಪೆಟ್ಟಿಗಿ ಆಗೋವಷ್ಟು ಕಾಯಿ ನನಗ ಬಿಡು. ಒಂಬತ್ತು ದಿನ ಇಟ್ಟು ತೋರಸ್ತೇನಿ."

"ಏನ್ ಹಾಕಿ ಇಡ್ತಿ?"

"ಅಜವಾನದ ಎಣ್ಣಿ" ಎಂದಳು, ಓಮಿನ ಕಾಳಿನ ಎಣ್ಣೆ.

"ಅಜವಾನ ಹೊಟ್ಟಿ ನೋವಿಗೆ ಬೇ. ಲಿಂಬಿಕಾಯಿಗೆ ಹೊಟ್ಟಿ ಎಲ್ಲದ?"

ಒಲೆಯ ಮುಂದಿದ್ದ ನನ್ನ ಹೆಂಡತಿ ದ್ರೌಪದಿ ನಕ್ಕಳು. ಮಗಳು ನಗಲಿಲ್ಲ.

"ಬೂಷ್ಟಿನ ಬೀಜ ಗಾಳ್ಯಾಗೇ ಇರ್ತಾವ. ಸಿಪ್ಪಿಗೆ ಗೀರು ಬಿದ್ದಲ್ಲಿ ಒಳಗ ಹೊಕ್ಕೋತಾವ. ಅಜವಾನದ ಎಣ್ಣಿ ಆವಿ ಇದ್ರ ಮೊಳಕಿ ಒಡ್ಯಾಕ ಬಿಡೋದಿಲ್ಲ. ಕಾಯಿಗೆ ಹಚ್ಚೋದಲ್ಲ ಅಪ್ಪಾ, ಪೆಟ್ಟಿಗ್ಯಾಗ ಅದರ ವಾಸನಿ ಕೂಡಿ ಹಾಕೋದು."

"ಮತ್ತ ಕೊಳತ್ರ?"

"ಕೊಳತ್ರ ಕಲಬುರ್ಗಿಗೆ ಹೋಗಿ ಗೊಬ್ಬರ ತೂಗ್ತೇನಿ. ಮಾತಾಡೋದಿಲ್ಲ. ಹತ್ತೂ ಪೆಟ್ಟಿಗಿ ಚೊಲೊ ಇದ್ದು ಜೇವರ್ಗಿ ಮುಟ್ಟಿದ್ರ, ಶೆಡ್ ನನ್ನ ಕೈಗೆ ಕೊಡಬೇಕು."

"ಕೊಟ್ಟೆ ಹೋಗು" ಅಂದೆ. ಕೊಡುವ ಪ್ರಸಂಗ ಬರುವುದಿಲ್ಲ ಎಂದು ನನಗೆ ಖಾತ್ರಿ ಇತ್ತು.

ಎಣ್ಣೆಗಾಗಿ ಆಳಂದಕ್ಕೆ ಹೋಗಬೇಕು ಎಂದಳು. ಅವಳ ಜೊತೆ ಓದಿದ ಮಿನಾಜ ಎಂಬ ಹುಡುಗಿಯ ಅಜ್ಜ ಹುಸೇನಪೀರ ಅಲ್ಲಿ ದರ್ಗಾದ ಕಡೆ ಅತ್ತರು ಮಾರುತ್ತಾನಂತೆ, ಹಿತ್ತಿಲಲ್ಲಿ ಅಜವಾನದ ಅರ್ಕ ಇಳಿಸುತ್ತಾನಂತೆ. ಒಬ್ಬಳನ್ನೇ ಕಳಿಸುವುದು ಬೇಡವೆಂದು ನಾನೂ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ, ಮುದುಕ ಮೋಸಗಾರನಾಗಿದ್ದರೆ ಅಲ್ಲೇ ಎರಡು ಮಾತು ಅಂದು ಮಗಳನ್ನು ತಿರುಗಿ ಕರೆತರುವ ವಿಚಾರ ನನ್ನದು.

ಮುದುಕ ಮೋಸಗಾರನಾಗಿರಲಿಲ್ಲ. ಹಿತ್ತಿಲಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ ಇತ್ತು. ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿದ್ದ. ಮುಚ್ಚಳದಿಂದ ಹೊರಟ ನಳಿಗೆ ತಣ್ಣೀರಿನ ಬಾನಿಯಲ್ಲಿ ಮುಳುಗಿ ಆಚೆ ಬಂದು ಒಂದು ಗಾಜಿನ ಬರಣಿಗೆ ಹನಿ ಹನಿಯಾಗಿ ಬೀಳಿಸುತ್ತಿತ್ತು. ವಾಸನೆಗೆ ಮೂಗು ಬಿಚ್ಚಿಕೊಂಡಿತು.

"ಐವತ್ತು ವರ್ಷದಿಂದ ಅರ್ಕ ಇಳಸಾಕತ್ತೇನಿ, ಜಗದೇವ ಭಾಯಿ" ಎಂದ ಹುಸೇನಪೀರ. "ಮಂದಿಗೆ ಅರ್ಕದ ನೀರು ಬೇಕು. ಮ್ಯಾಲ ತೇಲೋ ಎಣ್ಣಿ ಹಲ್ಲು ನೋವಿನವರಿಗೆ ಪುಕ್ಕಟ ಕೊಡ್ತಿದ್ದೆ. ನಿನ್ನ ಬೇಟಿ ಬಂದು, ಚಾಚಾ, ನೀರು ನೀನ ಇಟ್ಗೋ, ಎಣ್ಣಿ ಕೊಡು ಅಂತಾಳ. ಇಂಥಾ ಗಿರಾಕಿ ನಾ ನೋಡಿದ್ದಿಲ್ಲ."

"ಇದರಿಂದ ಕಾಯಿ ಕೊಳಿಯೋದು ನಿಲ್ತದೇನ್ರಿ?" ಎಂದು ಕೇಳಿದೆ.

"ಅದು ನನಗ ಗೊತ್ತಿಲ್ಲ. ಸುಳ್ಳು ಯಾಕ ಹೇಳ್ಲಿ? ಆದರ ಈ ಹಿತ್ತಲದಾಗ ರೊಟ್ಟಿ ನಾಕು ದಿನ ಇಟ್ರೂ ಬೂಷ್ಟು ಹಿಡ್ಯೋದಿಲ್ಲ. ನಮ್ಮ ಮನಿಯವರು ಹೇಳ್ತಿದ್ರು, ನಾ ಲಕ್ಷ್ಯ ಕೊಡಲಿಲ್ಲ." ಆಮೇಲೆ ಮಗಳ ಕಡೆ ತಿರುಗಿ, "ಹನಿ ಎಣಿಸಿ ಹಾಕು ಬೇಟಿ. ಭಾಳ ಖಾರ ಅದ. ಹೆಚ್ಚಾದ್ರ ಸಿಪ್ಪಿ ಸುಡ್ತದ."

ಐದು ಕಿಲೋ ಅಜವಾನಕ್ಕೆ ಕೆಮ್ಮಿನ ಔಷಧಿಯ ಶೀಶೆ ತುಂಬುವಷ್ಟು ಎಣ್ಣೆ. ಬಸ್ಸಿನಲ್ಲಿ ಆ ಶೀಶೆಯನ್ನು ಅವಳು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಹಿಂದಿನ ಸೀಟಿನ ಹೆಂಗಸೊಬ್ಬಳು, "ಯಾರಿಗೆ ಹೊಟ್ಟಿ ನೋವು ಯವ್ವಾ?" ಎಂದು ಕೇಳಿದಳು. "ನಮ್ಮಪ್ಪಗ" ಅಂದುಬಿಟ್ಟಳು ನನ್ನ ಮಗಳು.

ಮುದುಕ ಹೇಳಿದಂತೆಯೇ ಆಯಿತು. ಮೊದಲು ಅವಳು ಸ್ಟೀಲ್ ಡಬ್ಬಿಗಳಲ್ಲಿ ಐದೈದು ಕಾಯಿ ಇಟ್ಟು ನೋಡಿದಳು. ಹೆಚ್ಚು ಹನಿ ಬಿದ್ದ ಡಬ್ಬಿಯ ಕಾಯಿಗಳಿಗೆ ಬೂಷ್ಟು ಹಿಡಿಯಲಿಲ್ಲ, ಆದರೆ ಸಿಪ್ಪೆಯ ಮೇಲೆ ಕಂದು ಕಲೆ ಬಿದ್ದವು. ದ್ರೌಪದಿ ಅವನ್ನು ಕೊಯ್ದು ಸಾರಿಗೆ ಹಿಂಡಿದಳು. ಸಾರು ಕಷಾಯದಂತಾಯಿತು. ನಾನು ತಾಟು ಸರಿಸಿ ಎದ್ದೆ. ಕಡಿಮೆ ಹನಿ ಬಿದ್ದದ್ದಕ್ಕೆ ಬೂಷ್ಟು ಬಂತು. ನಡುವಿನದು ಯಾವುದು ಎಂದು ಗೊತ್ತಾಗಲು ಅವಳಿಗೆ ಹದಿನೈದು ದಿನ ಹಿಡಿಯಿತು. ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಟ್ಟಳು.

ಕೀಳುವ ದಿನ ಬಂದಾಗ ಇನ್ನೊಂದು ತಕರಾರು. ಕೀಳಲು ಬಂದ ಹೆಂಗಸರನ್ನೆಲ್ಲ ಗಿಡದ ಬುಡದಲ್ಲಿ ಕೂಡಿಸಿ ಉಗುರು ಕತ್ತರಿಸಿಕೊಳ್ಳಿ ಎಂದಳು. ಅವರಲ್ಲಿ ಹಿರಿಯಳಾದ ಗುರುಬಾಯಿ ಕೈ ಹಿಂದಕ್ಕೆ ಎಳೆದುಕೊಂಡಳು.

"ನಮ್ಮ ಉಗುರು ಏನ್ ಮಾಡ್ಯಾವ ಬೇ ನಿನಗ?"

"ನನಗೇನ್ ಮಾಡಿಲ್ಲ ಚಿಗವ್ವಾ, ಕಾಯಿ ಗೀರತಾವ."

"ಮೂವತ್ತು ವರ್ಷದಿಂದ ಹರ್ಯಾಕತ್ತೇನಿ. ನಿಮ್ಮಪ್ಪಂದೂ ನೋಡು ಒಂದೀಟು. ಕುಡಗೋಲ ಇದ್ದಂಗ ಅದಾವ."

ಎಲ್ಲರೂ ನಕ್ಕರು. ಸಂಘಮಿತ್ರಾ ನನ್ನ ಕಡೆ ನೋಡಿದಳು. "ಅಪ್ಪ ಈ ಕಾಯಿ ಮುಟ್ಟೋದಿಲ್ಲ" ಎಂದಳು.

ಇಬ್ಬನಿ ಆರಿದ ಮೇಲೆ ಕೀಳಿಸಿದಳು. ಹೊಸ ರಟ್ಟಿನ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಹಾಳೆ, ಕಾಯಿಯ ಮೇಲೊಂದು ಕಾಗದ, ಕಾಗದದ ಮೇಲೆ ಎಣ್ಣೆ ಹಾಕಿದ ಅರಳೆಯ ಪೊಟ್ಟಣ. ಹಾಳೆ ಮಡಚಿ, ಪೆಟ್ಟಿಗೆ ಮುಚ್ಚಿ, ಸುತಳಿಯಿಂದ ಕಟ್ಟಿ, ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಬರೆದಳು. ಒಂದರಿಂದ ಐದು ಒಂದರ ಮೇಲೊಂದು, ಆರರಿಂದ ಹತ್ತು ಇನ್ನೊಂದು ಸಾಲು. ನನ್ನ ಕಾಯಿ ಎಂದಿನಂತೆ ಶೆಡ್ಡಿನ ನಡುವೆ ರಾಶಿಯಾಗಿ ಬಿತ್ತು.

"ಅಪ್ಪಾ, ಜೇವರ್ಗ್ಯಾಗ ತಗಿಯೋತನಕ ಇವನ್ನ ತಗಿಬಾರದು" ಎಂದಳು. "ಆವಿ ಹೊರಗ ಹೋದ್ರ ಎಣ್ಣಿ ಇದ್ದೂ ಇಲ್ಲದಂಗ."

"ನನಗೇನ್ ಗರಜು?"

"ಹಂಗಲ್ಲ. ಮುಟ್ಟೋದಿಲ್ಲ ಅನ್ನು."

"ಮುಟ್ಟೋದಿಲ್ಲ ಹೋಗ್" ಎಂದೆ.

ಎರಡು ದಿನ ಮುಟ್ಟಲಿಲ್ಲ.

ಮೂರನೆಯ ದಿನ ಮಳೆ ಹಿಡಿಯಿತು. ಬೆಳಿಗ್ಗೆ ನನ್ನ ರಾಶಿಗೆ ಕೈ ಇಳಿಸಿದಾಗ ಒಳಗೆ ಬೆಚ್ಚಗಿತ್ತು. ಕೈ ಹೊರಗೆ ತೆಗೆದರೆ ಬೆರಳ ಸಂದಿಯಲ್ಲಿ ಹಸಿರು ಪುಡಿ. ಧೋತರಕ್ಕೆ ಒರೆಸಿಕೊಂಡೆ. ಒರೆಸಿಕೊಂಡು ನಿಂತಾಗ ಮಗಳ ಪೆಟ್ಟಿಗೆಗಳು ಕಣ್ಣಿಗೆ ಬಿದ್ದವು. ಗಾಳಿಗೆ ಬಿಟ್ಟ ರಾಶಿಯೇ ಹೀಗಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದರ ಗತಿ ಏನು? ನೋಡದೆ, ಮುಟ್ಟದೆ, ಒಂಬತ್ತು ದಿನ ಮಾಲು ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ಕೆಟ್ಟಿದ್ದರೆ ಈಗಲೇ ಹೇಳಿದರೆ ಹುಡುಗಿಗೇ ಒಳ್ಳೆಯದು, ಜೇವರ್ಗಿಯಲ್ಲಿ ನಾಲ್ಕು ಮಂದಿಯ ಮುಂದೆ ಮಾನ ಕಳೆದುಕೊಳ್ಳುವುದಿಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಸುತಳಿ ಬಿಚ್ಚಿ ಐದನೆಯ ನಂಬರಿನ ಪೆಟ್ಟಿಗೆಯಲ್ಲಿ ಕೈ ಹಾಕಿದೆ.

ತಣ್ಣಗಿತ್ತು. ಅಷ್ಟು ತಣ್ಣಗಿದ್ದದ್ದಕ್ಕೆ ನಂಬಿಕೆ ಬರದೆ ತಳದವರೆಗೆ ಕೈ ಇಳಿಸಿದೆ. ಆಮೇಲೆ ಹತ್ತನೆಯ ನಂಬರು ನೋಡಿದೆ. ಮೇಲಿನ ಎರಡನ್ನೂ ಇಳಿಸಿ ನಾಲ್ಕು ಮತ್ತು ಒಂಬತ್ತು ನೋಡಿದೆ. ಅದರ ಕೆಳಗಿನವನ್ನು ಎತ್ತಿ ಇಳಿಸಲು ಸೊಂಟ ಒಪ್ಪಲಿಲ್ಲ. ಮತ್ತೆ ಕಟ್ಟಿ, ಇದ್ದಂತೆಯೇ ಏರಿಸಿ, ಮನೆಗೆ ಬಂದು ಚಹಾ ಕುಡಿದೆ.

ಮರುದಿನವೂ ನೋಡಿದೆ. ಅದರ ಮರುದಿನವೂ. ರಾಶಿಗೆ ಕೈ, ಆಮೇಲೆ ನಾಲ್ಕು ಪೆಟ್ಟಿಗೆಗೆ ಕೈ. ರೂಢಿ ಬಿದ್ದ ಮೇಲೆ ಅದು ತಪ್ಪು ಎಂಬುದು ತಲೆಯಲ್ಲಿ ಉಳಿಯಲಿಲ್ಲ.

ಆರನೆಯ ದಿನ ಊಟಕ್ಕೆ ಬಡಿಸುತ್ತ ದ್ರೌಪದಿ ಮೂಗು ಏರಿಸಿದಳು.

"ನಿಮ್ಮ ಕೈಗೆ ಅಜವಾನದ ವಾಸನಿ ಬರಾಕತ್ತದ."

"ಅಡಗಿ ಮನ್ಯಾಗ ಅಜವಾನ ಇಲ್ಲೇನು?"

"ಅದ. ನೀವು ಅಡಗಿ ಮನಿಗೆ ಯಾವಾಗ ಬಂದೀರಿ?"

"ಸುಮ್ಮ ಬಡಸು" ಎಂದೆ. ಅವಳು ಬಡಿಸಿದಳು. ಮಗಳು ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಳು, ಕೇಳಿಸಿಕೊಂಡಿರಲಿಕ್ಕಿಲ್ಲ.

ಏಳನೆಯ ದಿನ ಐದನೆಯ ನಂಬರಿನ ಪೆಟ್ಟಿಗೆಯಲ್ಲಿ ಬೆರಳಿಗೆ ಮೆತ್ತಗೆ ಏನೋ ತಾಗಿತು. ಬೆಳಕಿಗೆ ತಂದು ನೋಡಿದೆ. ಬೂಷ್ಟು ಹಿಡಿದ ಕಾಯಿ. ನನಗೆ ಆಗಿದ್ದು ಸಂತೋಷವೋ ದುಃಖವೋ ಇವತ್ತಿಗೂ ಹೇಳಲಾರೆ. ಗೆದ್ದೆ ಎಂದು ಅನಿಸಿದ್ದು ನಿಜ. ಆ ಕಾಯಿಯನ್ನು ಹಿತ್ತಿಲಾಚೆ ಎಸೆದು ಪೆಟ್ಟಿಗೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಅಂದಿನಿಂದ ತೆಗೆಯಲೂ ಇಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ, ಊರಲ್ಲಿ ಬಾಡಿಗೆಗೆ ಬರುವ ಅರ್ಫಾತನ ಪಿಕಪ್ ಗಾಡಿಗೆ ಮಾಲು ಏರಿಸಿದೆವು. ನನ್ನ ರಾಶಿಯಲ್ಲಿ ಕೊಳೆತದ್ದನ್ನು ಆರಿಸಿ ತೆಗೆದ ಮೇಲೆ ಉಳಿದದ್ದು ಹದಿನೆಂಟು ಚೀಲ, ಇರಬೇಕಾದದ್ದು ಮೂವತ್ತು. ಮಗಳ ಹತ್ತು ಪೆಟ್ಟಿಗೆ ಹಿಂದೆ. ನಾವಿಬ್ಬರೂ ಅರ್ಫಾತನ ಮಗ್ಗುಲಿಗೆ ಕೂತೆವು. ದಾರಿಯುದ್ದಕ್ಕೂ ಅವಳು ಆ ಕಲಬುರಗಿಯ ಅಂಗಡಿಯ ಬಗ್ಗೆಯಾಗಲಿ ಶೆಡ್ಡಿನ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. ಹೊಲದಲ್ಲಿ ತೊಗರಿ ಎಷ್ಟು ಎತ್ತರ ಬಂದಿದೆ ಎಂದು ಅರ್ಫಾತನೊಂದಿಗೆ ಮಾತಾಡಿಕೊಂಡು ಬಂದಳು.

ಮಲ್ಲಣ್ಣ ಸಾಹುಕಾರರು ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಚೀಲಗಳನ್ನು ನೋಡಿ ಮುಖ ಕಿವುಚಿದರು.

"ಜಗದೇವ, ಇನ್ನೂ ಬೂಷ್ಟಿನ ವಾಸನಿ ಅದ ನೋಡು. ನಾಳಿಗೆ ಇದರಾಗ ಅರ್ಧ ಚೆಲ್ಲಬೇಕು. ಮಾತು ಖರೆ ಹೇಳ್ತೇನಿ, ಮುಂದಿನ ಅಮಾಸಿಗೆ ನಾ ಇಂಡಿ ಕಡೆ ಮಾಲು ತರಸ್ತೇನಿ. ಈ ಡಬ್ಬಿ ಏನು?"

"ನನ್ನ ಮಗಳದ್ರಿ" ಎಂದೆ.

"ಮಗಳದು? ತಗಿ ತಂಗಿ, ನೋಡೋಣ."

ಸಂಘಮಿತ್ರಾ ಮೊದಲು ಒಂದನೆಯ ನಂಬರನ್ನು ಎತ್ತಿಕೊಂಡಳು. ಸುತಳಿಯ ತುದಿ ಎಳೆದಳು, ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಹಾಳೆ ಸರಿಸಿದ ಕೂಡಲೇ ಅಜವಾನದ ವಾಸನೆ ಕಟ್ಟೆಯ ತುಂಬ ಹರಡಿತು. ಕಾಯಿಗಳು ಗಿಡದಲ್ಲಿದ್ದ ಹಾಗೇ ಇದ್ದವು. ಮಲ್ಲಣ್ಣ ಒಂದನ್ನು ಮೂಸಿದರು, ಒತ್ತಿದರು, ತೊಟ್ಟು ನೋಡಿದರು. ಆಮೇಲೆ ತಳದಿಂದ ಒಂದು ತೆಗೆಸಿ ನೋಡಿದರು.

"ಎಷ್ಟು ದಿನದ್ದು?"

"ಒಂಬತ್ತು ದಿನದ್ದು ರಿ" ಎಂದಳು.

"ನನ್ನ ಮುಂದ ಸುಳ್ಳು ಹೇಳಬ್ಯಾಡ ಮಗಳೆ."

"ಸುಳ್ಳಲ್ಲ ರಿ. ವಹಿ ತಂದೇನಿ."

ಎರಡನೆಯದು, ಆರನೆಯದು, ಏಳನೆಯದು. ಎಲ್ಲವೂ ಹಾಗೇ. ಮಲ್ಲಣ್ಣ ಕನ್ನಡಕ ಹಾಕಿಕೊಂಡರು. ಆಮೇಲೆ ಅವಳು ಐದನೆಯ ನಂಬರಿಗೆ ಕೈ ಹಾಕಿದಳು. ಸುತಳಿಯ ತುದಿ ಎಳೆದಳು. ಬಿಚ್ಚಲಿಲ್ಲ. ಮತ್ತೆ ಎಳೆದಳು. ಬಗ್ಗಿ ಗಂಟನ್ನು ನೋಡಿದಳು.

ನನಗೆ ಆಗ ಗೊತ್ತಾಯಿತು. ಅದು ಚೀಲದ ಗಂಟು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ತೂರಿಸಿ ಜಗ್ಗುವುದು. ನಮ್ಮಪ್ಪ ಹಾಕುತ್ತಿದ್ದ, ನಾನು ಹಾಕುತ್ತೇನೆ. ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಕಟ್ಟುವಾಗ ನಾನು ಗಂಟಿನ ಕಡೆ ನೋಡಿಯೇ ಇರಲಿಲ್ಲ, ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತ್ತು.

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಹಲ್ಲಿನಿಂದ ಸುತಳಿ ಕಡಿದು ಪೆಟ್ಟಿಗೆ ತೆಗೆದಳು.

ನಡುವೆ ಹಸಿರಾಗಿತ್ತು. ಸುತ್ತಲಿನ ಕಾಯಿ ಚೆನ್ನಾಗಿದ್ದವು, ನಟ್ಟನಡುವೆ ಮೇಲಿನಿಂದ ತಳದವರೆಗೆ ಬಾವಿ ತೋಡಿದಂತೆ ಕೊಳೆತ ಇಳಿದಿತ್ತು. ಹತ್ತನೆಯ ನಂಬರಿನದೂ ಹಾಗೇ, ನಾಲ್ಕು ಮತ್ತು ಒಂಬತ್ತರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಮೂರು ಮತ್ತು ಎಂಟು ಚೆನ್ನಾಗಿದ್ದವು.

ಮಲ್ಲಣ್ಣ ಪೆಟ್ಟಿಗೆಗಳ ಸುತ್ತ ಒಂದು ಸಲ ತಿರುಗಿದರು.

"ಶೆಡ್ಡಿನಾಗ ಇವು ಹ್ಯಾಂಗ ಇಟ್ಟಿದ್ರಿ? ಯಾವು ಮ್ಯಾಲ ಇದ್ದವು?"

"ಐದು, ಹತ್ತು ಎಲ್ಲಾದಕ್ಕಿಂತ ಮ್ಯಾಲ ರಿ. ಅವುಗಳ ಕೆಳಗ ನಾಕು, ಒಂಬತ್ತು" ಎಂದಳು ಸಂಘಮಿತ್ರಾ. ದನಿ ಸಣ್ಣದಾಗಿತ್ತು.

"ಇದೇನು ಉಲ್ಟಾ ಲೆಕ್ಕ? ನಲವತ್ತು ವರ್ಷದಾಗ ನಾ ಹಿಂಗ ನೋಡಿಲ್ಲ. ಕೊಳಿಯೋದು ಯಾವಾಗಲೂ ತಳದಾಗ, ಭಾರ ಬಿದ್ದಲ್ಲಿ. ಇಲ್ಲಿ ತಳ ಚೊಲೊ ಅದ, ಮ್ಯಾಲಿಂದು ಕೊಳತದ. ಅದೂ ನಡುವ. ಹೆಗ್ಗಣ ಹೊಕ್ಕಂಗ ಅದ."

ಅರ್ಫಾತ ನಕ್ಕ. ನನ್ನ ಮಗಳು ಪೆಟ್ಟಿಗೆಯೊಳಗಿನ ಕೆಟ್ಟ ಕಾಯಿಗಳನ್ನು ಒಂದೊಂದಾಗಿ ಎತ್ತಿ ಬದಿಗಿಡುತ್ತಿದ್ದಳು.

"ಔಷಧಿ ಅರ್ಧ ಹತ್ತ್ಯದ, ಅರ್ಧ ಹತ್ತಿಲ್ಲ ಅನಸ್ತದ" ಎಂದು ಮಲ್ಲಣ್ಣ ಮುಂದುವರಿಸಿದರು. "ನಂಬಾಕ ಬರೋದಿಲ್ಲ ತಂಗಿ. ಒಂದು ಡಬ್ಬಿ ಹಿಂಗ, ಒಂದು ಹಂಗ ಅಂದ್ರ ಯಾಪಾರಕ್ಕ ಆಗೋದಿಲ್ಲ. ಓದೀದಿ, ಎಲ್ಯರೆ ನೌಕರಿ ನೋಡಿಕೋ."

ಅವಳು "ಹೌದ್ರಿ" ಎಂದಳು. ಅಷ್ಟೇ ಎಂದಳು. ನನ್ನ ಕಡೆ ಬೆರಳು ಮಾಡಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಜಗಳ ಮಾಡಿ ಹಗುರಾಗುತ್ತಿದ್ದೆ. ಸಾಹುಕಾರರ ಮುಂದೆ ಅಪ್ಪನ ಮರ್ಯಾದೆ ಹೋಗಬಾರದೆಂದು ಅವಳು ತನ್ನ ಕೆಲಸವನ್ನೇ ಸುಳ್ಳು ಮಾಡಿಕೊಂಡು ನಿಂತಿದ್ದಳು. ಬದಿಗಿಟ್ಟ ಹಸಿರು ಕಾಯಿಗಳನ್ನು ನೋಡಿದೆ, ಆಮೇಲೆ ನನ್ನ ಉಗುರು ನೋಡಿಕೊಂಡೆ.

"ಹೆಗ್ಗಣ ನಾನೇ ರಿ" ಎಂದೆ.

ಮಲ್ಲಣ್ಣ ನನ್ನ ಕಡೆ ತಿರುಗಿದರು.

"ಮುಂಜಾನೆ ನನ್ನ ರಾಶಿಗೆ ಕೈ ಹಾಕ್ತಿದ್ದೆ. ಅದೇ ಕೈ ತಂದು ಇವಕ್ಕೂ ಹಾಕೀನಿ. ಇಕಿ ತಗಿಬ್ಯಾಡ ಅಂದಿದ್ಲು. ಮುಟ್ಟೋದಿಲ್ಲ ಅಂತ ಮಾತು ಕೊಟ್ಟಿದ್ದೆ. ಮ್ಯಾಲಿನ ನಾಕು ನಾ ದಿನಾ ತಗದೀನಿ. ಕೆಳಗಿನವು ಎತ್ತಾಕ ಆಗಲಿಲ್ಲ, ಅದಕ್ಕ ಅವು ಉಳದಾವ. ಗಂಟು ನೋಡ್ರಿ, ನಂದೇ ಅದಾವ."

ಕಟ್ಟೆಯ ಮೇಲೆ ಮೆಣಸಿನಕಾಯಿ ಪೋಣಿಸುತ್ತಿದ್ದ ಇಬ್ಬರು ಹೆಂಗಸರು ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದರು. ಮಲ್ಲಣ್ಣ ಕಡಿದ ಸುತಳಿಯನ್ನು ಎತ್ತಿಕೊಂಡು ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೌದು, ನಿಂದೇ ಗಂಟು. ಇದನ್ನ ಬಿಚ್ಚಿ ಬಿಚ್ಚಿ ನನ್ನ ಬೆರಳು ಸವದಾವ." ಚೆನ್ನಾಗಿದ್ದ ಪೆಟ್ಟಿಗೆಗಳನ್ನು ಎಣಿಸಿ, "ಅಂದ್ರ ಕೈ ಹಾಕದ ಆರು ಡಬ್ಬಿಯಾಗ ಒಂದೂ ಕೊಳತಿಲ್ಲ" ಎಂದರು.

"ಇಲ್ಲ ರಿ" ಎಂದೆ.

"ಮತ್ತ ಇಷ್ಟು ಹೊತ್ತು ಯಾಕ ಬಾಯಿ ಮುಚ್ಚಿಕೊಂಡು ನಿಂತಿದ್ದಿ? ಆ ಹುಡುಗಿಗೆ ನೌಕರಿ ನೋಡಿಕೋ ಅಂದೆನಲ್ಲ ನಾ." ಅವರು ಮಗಳ ಕಡೆ ತಿರುಗಿದರು. "ತಂಗಿ, ಮಹಾನವಮಿ ಅಮಾಸಿಗೆ ನಲವತ್ತು ಡಬ್ಬಿ ಹಿಂಗೇ ಕಟ್ಟಿ ಕಳಸು. ಆದರ ನಿಮ್ಮಪ್ಪನ 'ಮುಟ್ಟೋದಿಲ್ಲ' ನನಗ ಬ್ಯಾಡ. ಬಾಗಲಕ್ಕ ಕೀಲಿ ಹಾಕು."

ಅವಳು ಕಾಯಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನೋಡಿ ಹೇಳ್ತೇನಿ ರಿ" ಎಂದಳು.

ಮಾಲು ಇಳಿಸಿ ಆದ ಮೇಲೆ ನಾವಿಬ್ಬರೂ ಹೋಟೆಲಿನ ಮುಂದೆ ಚಹಾಕ್ಕೆ ನಿಂತೆವು. ಲಾರಿಗಳು ಆಗಲೇ ಸಾಲುಗಟ್ಟುತ್ತಿದ್ದವು. ಶೆಡ್ ನಿನ್ನದು ಎಂದು ನಾನೇ ಹೇಳಿದೆ.

"ಕರಾರು ಹಂಗ ಇದ್ದಿಲ್ಲ" ಎಂದಳು. "ಹತ್ತೂ ಚೊಲೊ ಬಂದ್ರ ಅಂತ ಇತ್ತು."

"ನಾ ಕೈ ಹಾಕದಿದ್ರ ಹತ್ತೂ ಬರ್ತಿದ್ದವು."

"ಬರ್ತಿದ್ದವೋ ಇಲ್ಲೋ, ಅದು ಈಗ ಯಾರಿಗೂ ಗೊತ್ತಾಗೋದಿಲ್ಲ. ಅದಕ್ಕೇ ನನಗ ಸಿಟ್ಟು. ನೀ ಕಾಯಿ ಕೆಡಿಸಿದ್ದಕ್ಕಲ್ಲ." ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿದಳು. ಹಾಗೆ ಕುಕ್ಕುವ ರೂಢಿ ಅವಳಿಗೆ ನನ್ನಿಂದಲೇ ಬಂದದ್ದು. "ಹದಿನೈದು ದಿನ ಹನಿ ಎಣಿಸಿದೆ ನಾ. ಆ ವಹ್ಯಾಗ ಈಗ ಏನ್ ಬರೀಲಿ? ಅಪ್ಪ ಕೈ ಹಾಕ್ಯಾನ ಅಂತ ಬರೀಲೇನು?"

"ಬರಿ" ಎಂದೆ.

ಅವಳು ನಿಜವಾಗಿಯೂ ವಹಿ ತೆಗೆದು ಅಲ್ಲೇ ನಿಂತು ಬರೆದಳು. ಏನು ಬರೆದಳೋ ನಾನು ಕೇಳಲಿಲ್ಲ. ಬರೆದು ಮುಗಿಸಿ ರಸ್ತೆ ದಾಟಿ ಕಬ್ಬಿಣ ಸಾಮಾನಿನ ಅಂಗಡಿಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಕೀಲಿ ಇತ್ತು, ಅಂಗೈ ತುಂಬುವಷ್ಟು ದೊಡ್ಡದು. ಅದರ ಎರಡೂ ಕೀಲಿಕೈಗಳನ್ನು ತಿರುಗಿಸಿ ನೋಡಿ ತನ್ನ ಚೀಲದಲ್ಲಿ ಹಾಕಿಕೊಂಡಳು. ಕಲಬುರಗಿಯ ಅಂಗಡಿಯವರಿಗೆ ಗಾಡಿಯಲ್ಲಿ ಕೂತಾಗಲೇ ಫೋನು ಮಾಡಿ, ಮಹಾನವಮಿ ಅಮಾವಾಸ್ಯೆಯ ತನಕ ಬರಲು ಆಗುವುದಿಲ್ಲ, ಆಮೇಲೆ ಬರುವೆನೋ ಇಲ್ಲವೋ ಆಗ ಹೇಳುತ್ತೇನೆ ಎಂದಳು. ಅವರೇನೋ ಕೂಗಾಡಿದರು. ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ಮುಗಿಯುವತನಕ ಕಾದಳು. ನನ್ನಿಂದ ಬೈಸಿಕೊಂಡು ಅವಳಿಗೆ ರೂಢಿ ಇತ್ತಲ್ಲ.

ಈಗ ಮಹಾನವಮಿ ಅಮಾವಾಸ್ಯೆಗೆ ಆರು ದಿನ ಇದೆ. ನಲವತ್ತು ಪೆಟ್ಟಿಗೆ, ಶೆಡ್ಡಿಗೆ ಅವಳು ಅಡ್ಡ ತಗಡು ಹೊಡೆಸಿ ಮಾಡಿದ ಒಳಕೋಣೆಯಲ್ಲಿವೆ. ಆಳಂದದಿಂದ ಹುಸೇನಪೀರ ಮೂರು ಶೀಶೆ ಎಣ್ಣೆ ಬಸ್ಸಿನವರ ಕೈಯಲ್ಲಿ ಕಳಿಸಿದ್ದ. ಪೆಟ್ಟಿಗೆಗೆ ಹಿಡಿಸದ ಉಳಿದ ಕಾಯಿ ಹೊರಗಿನ ಕೋಣೆಯಲ್ಲಿ ರಾಶಿಯಾಗಿ ಬಿದ್ದಿದೆ. ಅದರ ಬಾಗಿಲಿಗೂ ಅವಳೇ ಕೀಲಿ ಹಾಕುತ್ತಾಳೆ.

ಇಂದು ಬೆಳಿಗ್ಗೆ ಎಂದಿನ ಹೊತ್ತಿಗೆ ಶೆಡ್ಡಿನ ಮುಂದೆ ಹೋಗಿ ನಿಂತೆ. ಮಳೆ ಹನಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಕೀಲಿಕೈ ಹಿಡಿದು ಬಂದಳು. ಬಾಗಿಲು ತೆಗೆಯುವ ಮೊದಲು ನನ್ನ ಎರಡೂ ಕೈ ಹಿಡಿದು, ತಿರುಗಿಸಿ, ಉಗುರು ನೋಡಿದಳು.

"ಕತ್ತರಿಸೀನಿ" ಎಂದೆ.

"ಸಬಕಾರ ಹಚ್ಚಿ ತೊಳದಿ?"

ತೊಳೆದಿರಲಿಲ್ಲ. ಬಾವಿಯ ಕಡೆ ಹೋದೆ.